ದುಖಾನಿನಲ್ಲಿ ಅಜ್ಜಿಯ ವಾಕಿಂಗು

ನನ್ನ ಅಪ್ಪನ ಅಮ್ಮ ತೊಂಬತ್ತು ದಾಟಿ ಬದುಕಿದವಳು. ಅಷ್ಟು ದೀರ್ಘ ಆಯುಷ್ಯದಲ್ಲಿ ಅವಳು ಯಾರಿಗೂ ಎದುರಾಡಿದ್ದನ್ನು ನಾನು ನೋಡಿಲ್ಲ, ಯಾರದಾದರೂ ಮಾತು ಕೇಳಿದ್ದನ್ನೂ ನೋಡಿಲ್ಲ. "ಆಯ್ತಮ್ಮ" ಎಂದು ತಲೆಯಾಡಿಸಿ, ಆಮೇಲೆ ತನಗೆ ಬೇಕಾದದ್ದನ್ನೇ ಮಾಡುವುದು ಅವಳ ಕ್ರಮ.

ಈ ವಿದ್ಯೆ ಅವಳಿಗೆ ಒಲಿದದ್ದು ಮೈಸೂರಿನಲ್ಲಿ, ಮದುವೆಯಾದ ಹೊಸದರಲ್ಲಿ. ತಾತ ಹೈಸ್ಕೂಲು ಮೇಷ್ಟ್ರು, ಬಹಳ ಶಿಸ್ತಿನ ಮನುಷ್ಯ. ಮನೆಯ ಹೆಂಗಸರು ಸಿನಿಮಾಕ್ಕೆ ಹೋಗುವುದು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಅಜ್ಜಿ ದೇವಸ್ಥಾನದಲ್ಲಿ ಪುರಾಣ ಕೇಳಿ ಬರುತ್ತೇನೆಂದು ಹೇಳಿ ಪಕ್ಕದ ಮನೆಯಾಕೆಯ ಜೊತೆ ಮ್ಯಾಟಿನಿಗೆ ಹೋಗುತ್ತಿದ್ದಳು. ಸಂಜೆ ತಾತ "ಇವತ್ತು ಯಾವ ಪ್ರಸಂಗ ಹೇಳಿದ್ರು?" ಎಂದು ವಿಚಾರಿಸಿದರೆ ಸಿನಿಮಾದ ಕಥೆಯನ್ನೇ ಒಪ್ಪಿಸಿಬಿಡುತ್ತಿದ್ದಳು. ನಾಯಕ ರಾಜಕುಮಾರನಾಗುತ್ತಿದ್ದ, ಅವನ ಮೋಟಾರು ಕಾರು ರಥವಾಗುತ್ತಿತ್ತು, ಕೊನೆಯಲ್ಲಿ ಜೀಪಿನಲ್ಲಿ ಬರುವ ಪೊಲೀಸರು ದೇವತೆಗಳಾಗಿ ಹೂಮಳೆ ಸುರಿಸುತ್ತಿದ್ದರು. ತಾತ ಕಣ್ಣು ಮುಚ್ಚಿಕೊಂಡು ಭಕ್ತಿಯಿಂದ ಕೇಳುತ್ತಿದ್ದರಂತೆ. ಆರು ಮಕ್ಕಳಾಗಿ, ಮೊಮ್ಮಕ್ಕಳೂ ಆಗಿ, ತಾತ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಒಂದು ದಿನ ಅವಳನ್ನು ಹತ್ತಿರ ಕರೆದರು.

"ರಥದಿಂದ ಹಾರಿ ಹುಡುಗೀನ ಕಾಪಾಡಿದ್ನಲ್ಲ ಒಬ್ಬ ರಾಜಕುಮಾರ, ಆ ಪಾರ್ಟು ಮಾಡಿದ್ದು ಯಾರೇ?"

ಇದನ್ನು ಹೇಳುವಾಗೆಲ್ಲ ಅಜ್ಜಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ತಾತ ಹೋದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ಅಪ್ಪ ಅವಳನ್ನು ಕತಾರಿಗೆ ಕರೆತಂದ. ಅಪ್ಪನಿಗೆ ತೈಲ ಕಂಪನಿಯಲ್ಲಿ ಕೆಲಸ. ನಾವಿದ್ದದ್ದು ದೋಹಾದಿಂದ ದೂರದ ದುಖಾನ್ ಎಂಬ ಊರಿನ ಕಂಪನಿ ಮನೆಯಲ್ಲಿ. ನನಗಾಗ ಹತ್ತು ವರ್ಷ. ದೋಹಾದಿಂದ ಬರುವ ಉದ್ದ ದಾರಿಯಲ್ಲಿ ಅಜ್ಜಿ ಕಾರಿನ ಕಿಟಕಿಯಾಚೆ ನೋಡೀ ನೋಡೀ, "ಇಷ್ಟೊಂದು ಜಾಗ ಇಟ್ಕೊಂಡು ಒಂದು ಹಿಡಿ ಹುರುಳಿನೂ ಬಿತ್ತಿಲ್ವಲ್ಲೋ ಇವ್ರು" ಎಂದಳು.

ಬಂದ ಕೆಲವೇ ದಿನಗಳಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಸಿಹಿ ಮುಟ್ಟಬಾರದು, ದಿನಾ ಸಂಜೆ ವಾಕಿಂಗ್ ಮಾಡಬೇಕು ಎಂದರು ಡಾಕ್ಟರು. ಅಮ್ಮ ಸಕ್ಕರೆ, ಬೆಲ್ಲ, ಖರ್ಜೂರವನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಆಯ್ತಮ್ಮ" ಎಂದಳು ಅಜ್ಜಿ.

ಪಕ್ಕದ ಮನೆಯಲ್ಲಿ ಈಜಿಪ್ಟಿನ ಎಂಜಿನಿಯರೊಬ್ಬರ ಸಂಸಾರವಿತ್ತು. ಅವರ ತಾಯಿಗೂ ಹೆಚ್ಚುಕಡಿಮೆ ಅಜ್ಜಿಯದೇ ವಯಸ್ಸು, ಅದೇ ಕಾಯಿಲೆ, ಅಷ್ಟೇ ಕಟ್ಟುನಿಟ್ಟಿನ ಸೊಸೆ. ಇಬ್ಬರೂ ಬಿಸಿಲು ಇಳಿಯುತ್ತಲೇ ಜೊತೆಯಾಗಿ ವಾಕಿಂಗಿಗೆ ಹೊರಡತೊಡಗಿದರು. ಆಕೆಗೆ ಕನ್ನಡ ಬಾರದು, ಇವಳಿಗೆ ಅರಬಿ ಬಾರದು. ಹೊರಡುವಾಗ ಯಲ್ಲಾ, ಮುಗಿದಾಗ ಖಲಾಸ್, ಇಲ್ಲವೆನ್ನಲು ಮಾಫಿ, ಇಷ್ಟೇ ಅಜ್ಜಿಯ ಅರಬಿ. ಆದರೂ ಇಬ್ಬರ ಮಾತು ಬೀದಿಯ ತುದಿಯವರೆಗೂ ಕೇಳುತ್ತಿತ್ತು. ಬರಿಗೈಯಲ್ಲಿ ಹೋದರೆ ಚೆನ್ನಾಗಿರುವುದಿಲ್ಲವೆಂದು ಅಮ್ಮ ಆ ಮನೆಯ ಮಕ್ಕಳಿಗಾಗಿ ಆಗಾಗ ಅಜ್ಜಿಯ ಕೈಯಲ್ಲಿ ರವೆ ಉಂಡೆ ಕಟ್ಟಿ ಕಳಿಸುತ್ತಿದ್ದಳು. ಯಾರೂ ಹೇಳದೆಯೇ ವಾಕಿಂಗಿಗೆ ಹೋಗುವ ಅತ್ತೆಯನ್ನು ಕಂಡು ಅವಳಿಗೆ ಹೆಮ್ಮೆಯೋ ಹೆಮ್ಮೆ.

ಆದರೆ ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇನ್ನೂ ಏರಿತ್ತು. ಸಿಹಿ ಏನಾದರೂ ತಿನ್ನುತ್ತಾರೆಯೇ ಎಂದು ಡಾಕ್ಟರು ಕೇಳಿದ್ದನ್ನು ಅಪ್ಪ ಕನ್ನಡದಲ್ಲಿ ಹೇಳುವ ಮೊದಲೇ ಅಜ್ಜಿ ಎರಡೂ ಕೈ ಆಡಿಸಿ "ಮಾಫಿ, ಮಾಫಿ" ಎಂದಳು. ಮನೆಗೆ ಬಂದ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಇವತ್ತು ನೀನೂ ಅವ್ರ ಜೊತೆ ಹೋಗು" ಎಂದಳು.

ಹೋದೆ. ವಾಕಿಂಗು ಮಕ್ಕಳ ಪಾರ್ಕಿನ ಹಿಂದಿನ ಬೆಂಚಿಗೇ ಮುಗಿಯಿತು. ಅಜ್ಜಿ ಸೆರಗಿನಡಿಯಿಂದ ಅಮ್ಮ ಕಳಿಸಿದ್ದ ರವೆ ಉಂಡೆಗಳನ್ನು ತೆಗೆದಳು. ಅವಳ ಗೆಳತಿ ತನ್ನ ಕರಿ ನಿಲುವಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಅದರಲ್ಲಿದ್ದದ್ದು ಬಸ್ಬೂಸಾ, ಪಾಕದಲ್ಲಿ ನೆಂದ ರವೆಯ ಸಿಹಿ. ಆಕೆಯ ಸೊಸೆ ಅದನ್ನು ಕಳಿಸಿದ್ದು ನನಗೆ; ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ನನ್ನ ಹೆಸರೇ ಬರೆದಿತ್ತು.

"ಅಜ್ಜಿ, ಅದು ನಂದು!"

"ನಿಂದೇ ಕಣೇ, ಯಾರು ಇಲ್ಲ ಅಂದ್ರು? ಅರ್ಧ ತಿಂದು ಸುಮ್ನೆ ಕೂತ್ಕೋ."

ತಿಂದೆ. ಮನೆಗೆ ಬಂದಾಗ ಅಮ್ಮ ನನ್ನನ್ನು ಹತ್ತಿರ ಎಳೆದುಕೊಂಡಳು. ಗಲ್ಲಕ್ಕೆ ಅಂಟಿದ್ದ ಪಾಕವನ್ನು ಬೆರಳಿನಿಂದ ಮುಟ್ಟಿ ನೋಡಿ ನೇರ ಪಕ್ಕದ ಮನೆಗೆ ನಡೆದಳು. ಉಂಡೆ ಮಕ್ಕಳಿಗೆ ಹಿಡಿಸಿತೇ ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದಳು. ಯಾವ ಉಂಡೆ ಎಂದಳು ಆ ಸೊಸೆ. ತಾನು ಹುಡುಗಿಗೆ ಕಳಿಸಿದ ಬಸ್ಬೂಸಾ ಹೇಗಿತ್ತು ಎಂದು ಅವಳು ಕೇಳಿದಾಗ ಅಮ್ಮನೂ ಯಾವ ಬಸ್ಬೂಸಾ ಎಂದಳು.

ಮರುದಿನ ಅತ್ತೆಯರಿಗಿಂತ ಮೊದಲೇ ಸೊಸೆಯರಿಬ್ಬರೂ ಹೋಗಿ ಆ ಬೆಂಚಿನ ಮೇಲೆ ಕೂತರು. ಅಜ್ಜಿ ನೋಡಿದಳು. ಒಂದು ಹೆಜ್ಜೆಯೂ ತಡವರಿಸಲಿಲ್ಲ. "ನೀವೂ ವಾಕಿಂಗಿಗೆ ಬಂದ್ರಾ? ಒಳ್ಳೇದಾಯ್ತು" ಎಂದು ಸೆರಗಿನಡಿಯ ಉಂಡೆಯೊಂದನ್ನು ಅಮ್ಮನ ಕೈಗಿಟ್ಟಳು. "ತಗೋ, ನಿಂಗೇಂತಲೇ ತಂದೆ."

"ಅತ್ತೆ, ಇದನ್ನ ಮಾಡಿದ್ದೇ ನಾನು!"

"ಅದಕ್ಕೇ ಕಣಮ್ಮ. ಮಾಡಿದೋಳೂ ತಿನ್ನಬೇಕು. ತುಂಬಿದ ಮನೇಲಿ ಅಷ್ಟು ವರ್ಷ ಹಬ್ಬದಡುಗೆ ಮಾಡ್ದೆ, ಎಲ್ರಿಗೂ ಬಡಿಸಿ ನಾನು ಕೂರೋ ಹೊತ್ಗೆ ಪಾತ್ರೆ ತಳದಲ್ಲೂ ಸಿಹಿ ಇರ್ತಿರ್ಲಿಲ್ಲ."

ಬಯ್ಯಲೆಂದೇ ಬಂದಿದ್ದ ಅಮ್ಮ ಬೆಂಚಿನಲ್ಲಿ ಸರಿದು ಅತ್ತೆಗೆ ಜಾಗ ಮಾಡಿಕೊಟ್ಟಳು. ಈಜಿಪ್ಟಿನ ಸೊಸೆಗೆ ಮಾತು ಅರ್ಥವಾಗದಿದ್ದರೂ ಅಮ್ಮನ ಮುಖ ಅರ್ಥವಾಯಿತು. ಕೊನೆಗೆ ಶುಕ್ರವಾರಕ್ಕೊಂದು ತುಂಡು, ಅದೂ ಸೊಸೆಯರ ಎದುರಿಗೆ ಮಾತ್ರ, ಎಂದು ಒಪ್ಪಂದವಾಯಿತು. ಅಜ್ಜಿ ತಲೆಯಾಡಿಸಿದಳು. ಆದರೆ ಅಡುಗೆಮನೆಯ ಗೋಡೆಯಲ್ಲಿ ಊರಿನ ಕ್ಯಾಲೆಂಡರು ತೂಗುತ್ತಿತ್ತು. ಸಂಕಷ್ಟಿ, ಹುಣ್ಣಿಮೆ, ಸಂಕ್ರಮಣ, ಯಾವುದೋ ಗುರುಗಳ ಆರಾಧನೆ... ಸಿಹಿಯಿಲ್ಲದೆ ಕಳೆಯಬಹುದಾದ ವಾರವೇ ಅದರಲ್ಲಿ ಸಿಗುತ್ತಿರಲಿಲ್ಲ.

ಮರುವರ್ಷ ಎಂಜಿನಿಯರರ ಸಂಸಾರ ದುಖಾನ್ ಬಿಟ್ಟು ತಮ್ಮ ಊರಿಗೇ ಹೊರಟಿತು. ಅಜ್ಜಿ ಗೆಳತಿಗೆ ತನ್ನದೊಂದು ಮೆತ್ತನೆಯ ಹತ್ತಿ ಸೀರೆ ಕೊಟ್ಟಳು. ಆಕೆ ಅದನ್ನು ಅಲ್ಲೇ ಮಡಿಸಿ ತಲೆಯ ಮೇಲೆ ಹೊದ್ದು ಕಾರು ಹತ್ತಿದಳು. ಇಬ್ಬರೂ ಅಳುತ್ತ, ಒಟ್ಟಿಗೇ, ತಂತಮ್ಮ ಭಾಷೆಯಲ್ಲಿ ಏನೇನೋ ಹೇಳಿದರು. ಅವರಿಗೆ ತರ್ಜುಮೆ ಬೇಕಾಗಿರಲಿಲ್ಲ.

ಅಜ್ಜಿ ಎರಡು ದಿನ ಮನೆ ಬಿಟ್ಟು ಕದಲಲಿಲ್ಲ. ಮೂರನೆಯ ಸಂಜೆ ಅಮ್ಮನೇ ಚಪ್ಪಲಿ ಮೆಟ್ಟಿ, "ಏಳಿ ಅತ್ತೆ, ನಾನು ಬರ್ತೀನಿ" ಎಂದು ಅವಳನ್ನು ಎಬ್ಬಿಸಿಕೊಂಡು ಹೋದಳು. ಅತ್ತೆ ಸೊಸೆ ಮರಳಿದಾಗ ದೀಪ ಹಚ್ಚುವ ಹೊತ್ತು ದಾಟಿತ್ತು, ಅಮ್ಮನ ಸೆರಗಿಗೆ ರವೆ ಉಂಡೆಯ ಪುಡಿ ಅಂಟಿತ್ತು. ಅಪ್ಪ ಊಟಕ್ಕೆ ಕರೆದರೆ ಇಬ್ಬರಿಗೂ ಹಸಿವಿರಲಿಲ್ಲ.