ಸಣ್ಣಗಾದ ಬಾಡಿಗೆಯವಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಹಾಗೇ ಎದ್ದುಬಿಟ್ಟಿದ್ದೇನೆ. ಮೊನ್ನೆ ಸೊಂಟನೋವಿಗೆ ವ್ಯಾಯಾಮ ಮಾಡಿಸುವ ಕಡೆ ಹೋದಾಗ, ನೆಲಕ್ಕೆ ಹಾಸಿದ್ದ ಹೊಸ ಮ್ಯಾಟಿನ ರಬ್ಬರ್ ವಾಸನೆ ಮೂಗಿಗೆ ಬಡಿಯಿತು. ಇನ್ನು ಮುಂದೂಡಬಾರದು ಅನಿಸಿತು.

ಹೆಬ್ಬಗೋಡಿಯ ನಮ್ಮ ಮನೆಯ ಮೇಲಂತಸ್ತಿನಲ್ಲಿ ಆಕೆ ಬಾಡಿಗೆಗಿದ್ದಳು. ಗಾರ್ಮೆಂಟ್ಸ್ ಕೆಲಸ. ಬಂದ ಹೊಸದರಲ್ಲಿ ಬಹಳ ದಪ್ಪ, ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಂಡು ಹತ್ತುತ್ತಿದ್ದಳು. ವರ್ಷ ಕಳೆಯುವುದರಲ್ಲಿ ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈಯತ್ತ ಜಾರತೊಡಗಿತು. ಅನ್ನ ಬಿಟ್ಟಿದ್ದಾಳಂತೆ ಎಂದು ಹೆಂಡತಿ ಹೇಳಿದಳು. ಬೆಳಗಾದರೆ ನಮ್ಮ ತಲೆಯ ಮೇಲೆ ಧಡ್ ಧಡ್ ಸದ್ದು. ಆದರೂ ನನಗೆ ಕಾಯಿಲೆಯ ಅನುಮಾನ ಹತ್ತಿತು. ನನ್ನ ತಮ್ಮನೂ ಹೀಗೇ ಸೊರಗಿದ್ದ. ಟಿ.ಬಿ. ಇದ್ದದ್ದನ್ನು ನಮಗೆ ಹೇಳದೆಯೇ ಹೋಗಿಬಿಟ್ಟ…

"ಏನಮ್ಮ, ಇಂಗ್ ಸೊರಗೋಗಿದ್ದೀಯ?"

"ಸೊರಗಿಲ್ಲ ಅಂಕಲ್, ಇಳಿಸ್ಕೊಂಡಿದ್ದೀನಿ! ಟ್ರೈನರ್ ಕೋರ್ಸೂ ಮುಗಿಸ್ದೆ. ಆಂಟೀನ ಕಳ್ಸಿ, ಮಂಡಿನೋವು ಓಡಿಸ್ತೀನಿ."

ಆ ನಗು ನನಗೆ ನಾಟಕದಂತೆ ಕಂಡಿತು. ಕಾಯಿಲೆ ಮುಚ್ಚಿಡಲು ಕಟ್ಟಿದ ಕಥೆ ಅಂದುಕೊಂಡೆ.

ಆಕೆ ಫ್ಯಾಕ್ಟರಿ ಬಿಟ್ಟು, ತಾರಸಿಯ ಮೇಲೆ ಹೊಸ ರಬ್ಬರ್ ಮ್ಯಾಟು ಹಾಸಿ ಹೆಂಗಸರಿಗೆ ವ್ಯಾಯಾಮ ಹೇಳಿಕೊಡತೊಡಗಿದಳು. ಅದೇ ಆಗ ಅವಳ ಅನ್ನದ ದಾರಿ. ನನ್ನ ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಹೋದಳು. ನಾನು ಹಾಲಿನ ಬೂತಿನ ಹತ್ತಿರ ಮೆಲ್ಲಗೆ ಅಂದೆ: "ಆ ಹೆಣ್ಮಗಳತ್ರ ಉಸಾರು ಕಣ್ರಪ್ಪ. ಅದೇನ್ ಕಾಯಿಲೇನೋ." ನಾನು ಹೆಸರು ಹೇಳದ ಕಾಯಿಲೆಗೆ ಬೀದಿಯವರೇ ಒಂದೊಂದು ಹೆಸರಿಟ್ಟರು. ಹೆಂಗಸರು ಮೊದಲು ಅವಳ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ಆಮೇಲೆ ಬರುವುದನ್ನೇ ಬಿಟ್ಟರು. ಹೆಂಡತಿಯನ್ನು ನಾನೇ ತಡೆದೆ.

ಒಂದು ಸಂಜೆ ಆಕೆ ಕೆಳಗೆ ಬಂದಳು. ಕೂರು ಅಂದರೂ ಕೂರಲಿಲ್ಲ.

"ಬ್ಲಡ್ ಟೆಸ್ಟ್ ಮಾಡಿಸಿ ನಿಮ್ ಗೇಟಿಗೆ ಅಂಟಿಸ್ಲಾ ಅಂಕಲ್? ಯಾರು ಶುರು ಮಾಡಿದ್ದು, ಅದೊಂದ್ ಹೇಳಿ."

"ನಂಗೇನಮ್ಮ ಗೊತ್ತು? ಜನ ಅಂದ್ಮೇಲೆ ಏನೇನೋ ಅಂತಾರೆ."

ಬಾಗಿಲಲ್ಲಿದ್ದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

ತಿಂಗಳ ಕೊನೆಗೆ ಆಕೆ ಮನೆ ಖಾಲಿ ಮಾಡಿದಳು. ಬಿಟ್ಟಿದ್ದ ಫ್ಯಾಕ್ಟರಿಗೇ ಮತ್ತೆ ಸೇರಿದಳಂತೆ. ಯಾವ ಕಾಯಿಲೆಯೂ ಇರಲಿಲ್ಲ. ಇವತ್ತಿಗೂ ಗಟ್ಟಿಮುಟ್ಟಾಗಿದ್ದಾಳೆ.

ಹೆಂಡತಿ ಈಗ ಮಂಡಿ ಹಿಡಿದುಕೊಂಡೇ ನಡೆಯುತ್ತಾಳೆ. ಒಮ್ಮೊಮ್ಮೆ ಅಡುಗೆಮನೆಯಿಂದ ಆಕೆಯೊಂದಿಗೆ ಫೋನಿನಲ್ಲಿ ಮಾತಾಡುತ್ತಾಳೆ. ನಾನು ಒಳಗೆ ಹೋದರೆ ದನಿ ತಗ್ಗಿಸುತ್ತಾಳೆ. ಫೋನು ಇಲ್ಲಿ ಕೊಡು ಎಂದು ಕೈಚಾಚಲು ನನಗಿನ್ನೂ ಆಗಿಲ್ಲ. ತಪ್ಪಾಯಿತಮ್ಮ ಎಂದು ನಾನು ಹೇಳದೇ ಉಳಿದಿರುವುದು ಆಕೆಗೆ… ನಮ್ಮ ಬೀದಿಯ ಹೆಂಗಸರು ಕೆಲವೇ ದಿನ ಟೀಚರಮ್ಮ ಎಂದು ಕರೆದವಳಿಗೆ.