ಮುದ್ರೆಯ ಜಾಗ

ಪ್ರತಿ ವರ್ಷ ಏಪ್ರಿಲ್ ತಿಂಗಳ ಮೊದಲ ಶನಿವಾರ ನಾನು ಹಳೆಯ ಫೈಲುಗಳನ್ನು ತೆಗೆದು, ಏಳು ವರ್ಷ ದಾಟಿದ ಕಾಗದಗಳನ್ನು ಹರಿದು ಹಾಕುತ್ತೇನೆ. ಬೆಳಿಗ್ಗೆ ಎಂಟಕ್ಕೆ ಕುಳಿತರೆ ಹತ್ತೂವರೆಗೆ ಮುಗಿಯಬೇಕು. ಈ ಸಲ ಒಂಬತ್ತರ ಸುಮಾರಿಗೆ ನೀಲಿ ಫೈಲೊಂದನ್ನು ಬಿಚ್ಚಿದಾಗ ಕಮಟು ವಾಸನೆ ಬಂತು. ತೆಂಗಿನೆಣ್ಣೆ ಹಳತಾದಾಗ ಬರುವ ವಾಸನೆ. ಒಳಗೆ ಒಂದೇ ಪುಟದ ಪತ್ರ, ಅದರ ಮೇಲೆ ಒಂದು ಹಳದಿ ಹೆಬ್ಬೆರಳಿನ ಗುರುತು. ಅದನ್ನು ಹಿಡಿದು ಕುಳಿತವಳು ಹತ್ತೂವರೆಗೂ ಏಳಲಿಲ್ಲ. ಉಳಿದ ಫೈಲುಗಳು ಹಾಗೆಯೇ ಉಳಿದವು.

ಆ ಹೆಬ್ಬೆರಳು ಇಡ್ಲಿ ಅಣ್ಣನದು.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಅವನದು ನೆಲ ಮಹಡಿ, ನನ್ನದು ಎರಡನೆಯದು. ಉಡುಪಿ ಕಡೆಯವನು. ನನಗಿಂತ ಹನ್ನೆರಡು ವರ್ಷ ಚಿಕ್ಕವನಾದರೂ ಇಡೀ ಕಟ್ಟಡ ಅಣ್ಣ ಎನ್ನುತ್ತಿದ್ದುದರಿಂದ ನನ್ನ ಬಾಯಿಗೂ ಅದೇ ಬಂತು. ಗಂಡ ಹೆಂಡತಿ ಇಬ್ಬರೂ ಸೇರಿ ಕಟ್ಟಡದ ಹಿಂದಿನ ಬಾಡಿಗೆ ಗಾಳಾದಲ್ಲಿ, ಅಂದರೆ ಶಟರಿನ ಒಂದು ಕೋಣೆಯಲ್ಲಿ, ಇಡ್ಲಿ, ವಡೆ, ಸಾಂಬಾರು ಮಾಡುತ್ತಿದ್ದರು. ಅದನ್ನು ಹಳದಿ ನಂಬರ್ ಪ್ಲೇಟಿನ ಸಣ್ಣ ಡೀಸೆಲ್ ವ್ಯಾನಿನಲ್ಲಿ ತುಂಬಿ ಐರೋಲಿಯ ಆಫೀಸುಗಳಿಗೆ ಅವನೇ ಒಯ್ಯುತ್ತಿದ್ದ. ಎಂಟು ಗಂಟೆಯ ಒಳಗೆ ಅಲ್ಲಿ ಇಡ್ಲಿ ಬಿಸಿಯಾಗಿ ಇಳಿಯಬೇಕು. ಆ ವ್ಯಾನು ನಿಂತರೆ ಆ ಮನೆಯ ಒಲೆ ನಿಂತ ಹಾಗೆ.

ನಾನು ವಿಮಾ ಕಂಪನಿಯೊಂದರ ವಾಹನ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತಳಾದವಳು. ಸೊಸೈಟಿಯ ಜನ ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಬೇಗ ಬೇಗ ಇಳಿದುಬಿಡುತ್ತಿದ್ದರು. ನೀರಿನ ಪೈಪಿನಿಂದ ಹಿಡಿದು ಪಾರ್ಕಿಂಗಿನ ಗೆರೆಯವರೆಗೆ ಏನಾದರೂ ಕೇಳುತ್ತೇನೆಂಬ ಭಯ. ತಮಾಷೆ ಮಾಡುವ ಧೈರ್ಯ ಅವನೊಬ್ಬನಿಗೇ ಇತ್ತು. ನಾನು ವಾಕಿಂಗ್ ಮುಗಿಸಿ ಗೇಟಿಗೆ ಬರುವುದು ಆರೂ ಹತ್ತಕ್ಕೆ. ಅವನು ಹಂಡೆ ಏರಿಸುತ್ತಾ ತಲೆ ಎತ್ತದೆಯೇ ಹೇಳುತ್ತಿದ್ದ, "ಅಕ್ಕ ಬಂದ್ರು, ಆರೂ ಹತ್ತು. ನಮ್ಮ ಲೋಕಲ್ ಟ್ರೇನಿಗೆ ನೀವೊಂದು ಟ್ಯೂಷನ್ ಕೊಡಿ ಅಕ್ಕಾ." ಮತ್ತೆ ನನ್ನ ಸ್ಟೀಲ್ ಡಬ್ಬಿಗೆ ಎರಡು ಇಡ್ಲಿ ಹಾಕುತ್ತಿದ್ದ. ಆ ಇಡ್ಲಿಯ ಮೇಲೆ ಒಂದು ಚಮಚ ತೆಂಗಿನೆಣ್ಣೆ. ನನಗೆ ಮಾತ್ರ.

ಒಂದು ಬೆಳಿಗ್ಗೆ ಅವನ ಮುಖ ಬಹಳ ಗೆಲುವಾಗಿತ್ತು. ಕಳಂಬೋಲಿಯ ಗ್ಯಾರೇಜಿನವನೊಬ್ಬ ಲ್ಯಾಪ್‌ಟಾಪ್ ಜೋಡಿಸಿ, ವ್ಯಾನಿನ ಎಂಜಿನ್ ನಡೆಸುವ ಕಂಪ್ಯೂಟರಿನ ಪ್ರೋಗ್ರಾಮನ್ನೇ ಬದಲಿಸಿಕೊಟ್ಟಿದ್ದನಂತೆ. ಎಳೆಯುವ ಶಕ್ತಿಯೂ ಹೆಚ್ಚು, ಡೀಸೆಲೂ ಉಳಿತಾಯ ಎಂದಿದ್ದನಂತೆ.

"ಮಹಾಪೆಯ ಏರು ಹತ್ತುವುದು ನೋಡ್ಬೇಕು ಅಕ್ಕಾ. ಹಿಂದೆ ಸಾಂಬಾರಿನ ಹಂಡೆ ಉಂಟು ಅಂತ ಗಾಡಿಗೆ ಗೊತ್ತೇ ಆಗುವುದಿಲ್ಲ."

ನಾನು ಅಲ್ಲೇ ನಿಂತು ವಿಚಾರಣೆ ಶುರು ಮಾಡಿದೆ. ವಾರಂಟಿ ಇನ್ನೂ ಇತ್ತು. ಎಂಜಿನ್ನಿಗೆ ಏನಾದರೂ ಆದರೆ, ಪ್ರೋಗ್ರಾಮು ಬದಲಿಸಿದವನ ಹತ್ತಿರವೇ ಹೋಗು ಎಂದು ಕಂಪನಿಯವರು ಕೈ ಎತ್ತುತ್ತಾರೆ ಎಂದೆ. ಕಾರ್ಖಾನೆಯಿಂದ ಬಂದ ರೂಪದಲ್ಲಿ ಗಾಡಿ ಆರ್‌ಟಿಒ ದಾಖಲೆಯಲ್ಲಿದೆ, ಅನುಮತಿಯಿಲ್ಲದೆ ಅದನ್ನು ಬದಲಿಸುವುದು ತಪ್ಪು, ಹೊಗೆ ಹೆಚ್ಚಾದರೆ ಅದು ಇನ್ನೊಂದು ತಪ್ಪು ಎಂದೆ. ಕೊನೆಗೆ ನನ್ನ ವಿಭಾಗದ ಪ್ರಶ್ನೆ ಕೇಳಿದೆ. ಇನ್ಶೂರೆನ್ಸಿನವರಿಗೆ ತಿಳಿಸಿದ್ದೀಯಾ?

"ಇದನ್ನೂ ಹೇಳ್ಬೇಕಾ? ಹೊರಗಿನಿಂದ ಎಂತದೂ ಕಾಣುವುದಿಲ್ಲ ಅಲ್ಲ?"

ಕಾಣದಿರುವುದನ್ನೇ ಹೇಳಬೇಕಾದದ್ದು ಎಂದೆ. ಮುಚ್ಚಿಟ್ಟದ್ದು ಗೊತ್ತಾದರೆ, ಅಪಘಾತಕ್ಕೂ ಇದಕ್ಕೂ ಸಂಬಂಧ ಇಲ್ಲದಿದ್ದರೂ ಕ್ಲೇಮಿಗೆ ಅಡ್ಡಿ ಬರುತ್ತದೆ. ಒಂದೋ ಹಳೆಯ ಪ್ರೋಗ್ರಾಮನ್ನೇ ಹಾಕಿಸು, ಇಲ್ಲವೇ ಬರೆದು ತಿಳಿಸು. ಅವನಿಗೆ ಆ ಏರು ಹತ್ತುವ ಸುಖ ಬಿಡಲು ಮನಸ್ಸಿರಲಿಲ್ಲ. ಬರೆದು ಕೊಡಿ ಅಕ್ಕಾ ಎಂದ.

ಅಂದೇ ಸಂಜೆ ಪತ್ರ ಸಿದ್ಧವಾಯಿತು. ಒಂದು ಮೂಲ, ಒಂದು ಪ್ರತಿ. ಕೆಲಸದ ನಡುವೆ ಎದ್ದು ಬಂದು ಎರಡಕ್ಕೂ ಸಹಿ ಹಾಕಿದ. ಮೂಲ ಅವನ ಕೈಗೆ ಕೊಟ್ಟೆ, ಪ್ರತಿ ನನ್ನ ಫೈಲಿಗೆ ಸೇರಿತು. ಥಾಣೆ ಊರಿನ ಇನ್ಶೂರೆನ್ಸ್ ಆಫೀಸಿಗೆ ಹೋಗುವ ದಿನ ಪ್ರತಿಯನ್ನೂ ಒಯ್ಯಬೇಕು, ಕೌಂಟರಿನಲ್ಲಿ ಅದರ ಮೇಲೆ 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಹಾಕಿಸಿ ತರಬೇಕು ಎಂದು ಎರಡು ಸಲ ಹೇಳಿದೆ.

ಮರುದಿನದಿಂದ ದಿನಾ ಆರೂ ಹತ್ತಕ್ಕೆ ಕೇಳಿದೆ, "ಕೊಟ್ಟೆಯಾ?" ನಾಳೆ ಅಕ್ಕಾ ಎಂದ. ಮತ್ತೊಂದು ದಿನವೂ ನಾಳೆ. ಮೂರನೆಯ ದಿನ ನಾನು ಸ್ವಲ್ಪ ಗಟ್ಟಿಯಾಗಿಯೇ ಗದರಿದೆ, ವಾಚ್‌ಮನ್ ತಿರುಗಿ ನೋಡಿದ. ನಾಲ್ಕನೆಯ ದಿನ ಅವನೇ ಮೊದಲು ಹೇಳಿದ.

"ಕೊಟ್ಟೆ ಅಕ್ಕಾ."

ಪ್ರತಿ ನನ್ನ ಫೈಲಿನಲ್ಲೇ ಇತ್ತು. ಗಡಿಬಿಡಿಯಲ್ಲಿ ಕೇಳಿ ಪಡೆಯಲು ಮರೆತೆ ಎಂದ. ಮುದ್ರೆ ಬಿದ್ದಿಲ್ಲದಿದ್ದರೆ ಕೊಟ್ಟ ಹಾಗಲ್ಲ ಎಂದು ನಾನು ಕೌಂಟರಿನಲ್ಲಿ ಕುಳಿತು ಎಷ್ಟು ಜನರನ್ನು ವಾಪಸು ಕಳಿಸಿದ್ದೆನೋ… ಅಂದು ಮಾತ್ರ ಬಾಯಿ ಬರಲಿಲ್ಲ. ಬಿಸಿ ಡಬ್ಬಿ ಕೈಯಲ್ಲಿತ್ತು. ಇನ್ನೂ ಕೇಳಿದರೆ ಅವನನ್ನು ನಂಬದ ಹಾಗಾಗುತ್ತದೆ ಎನಿಸಿತು. ಮೇಲೆ ಬಂದು ಡೈರಿಯಲ್ಲಿ ಸರಿ ಗುರುತು ಹಾಕಿದೆ.

ಆ ಮಳೆಗಾಲದಲ್ಲಿ ಮಹಾಪೆ ರಸ್ತೆಯಲ್ಲಿ ಮುಂದಿನ ಗಾಡಿ ನಿಂತಿತೆಂದು ಅವನೂ ನಿಲ್ಲಿಸಿದ. ಹಿಂದಿನಿಂದ ಲಾರಿಯೊಂದು ಬಂದು ಗುದ್ದಿ, ನಿಲ್ಲದೆ ಹೋಯಿತು. ನಂಬರ್ ಯಾರಿಗೂ ಸಿಗಲಿಲ್ಲ. ಅಣ್ಣನ ಎಡಗೈ ಮುರಿಯಿತು. ವ್ಯಾನು ಅರ್ಧಕ್ಕೆ ಅರ್ಧ ಮಡಚಿಕೊಂಡಿತ್ತು, ಹಂಡೆಗಳನ್ನು ಒಳಗಿಂದ ಕತ್ತರಿಸಿ ತೆಗೆಯಬೇಕಾಯಿತು. ಇನ್ನೊಂದು ವ್ಯಾನು ಬರಬೇಕಾದರೆ ಆ ಕ್ಲೇಮು ಒಂದೇ ದಾರಿ.

ನಷ್ಟ ನೋಡಲು ಇನ್ಶೂರೆನ್ಸಿನ ಸರ್ವೇಯರ್ ಬಂದ ದಿನ ನಾನು ಕಿಟಕಿಯಿಂದ ನೋಡುತ್ತಿದ್ದೆ. ಮರಾಠಿ ಹುಡುಗ, ವಿನಯವಂತ. ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದ್ದ ವ್ಯಾನಿನ ಸುತ್ತ ತಿರುಗಿ ಫೋಟೋ ತೆಗೆದ. ಮುಂದಿನ ಗಾಜಿನ ಮೂಲೆಯಲ್ಲಿ ಕಳಂಬೋಲಿಯ ಗ್ಯಾರೇಜಿನ ಸ್ಟಿಕ್ಕರ್ ಇತ್ತು. ಅದೇನು ಎಂದು ಕೇಳಿದನಂತೆ, ಹಾರ್ನ್ ಹಾಕಿಸಿದ್ದು ಎಂದು ಅಣ್ಣ ಹೇಳಿದನಂತೆ. ಹುಡುಗ ತಲೆಯಾಡಿಸಿ ಪ್ಯಾಡ್ ಮುಚ್ಚಿ ಹೊರಡುವುದರಲ್ಲಿದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಫೈಲು ಹಿಡಿದು ಮೆಟ್ಟಿಲಿಳಿಯುತ್ತಿದ್ದೆ… ಹೆಮ್ಮೆಯಿಂದ. ಎಲ್ಲ ಮೊದಲೇ ಬರೆದು ತಿಳಿಸಿದ್ದಾರೆ, ನೋಡಿ, ಪ್ರತಿ ಇಲ್ಲಿದೆ ಎಂದು ಪತ್ರವನ್ನು ಅವನ ಕೈಗಿಟ್ಟೆ.

ಹುಡುಗ ಓದಿದ. ತಿರುಗಿಸಿ ನೋಡಿದ. ಮುದ್ರೆ ಎಲ್ಲಿ ಮಾವಶಿ ಎಂದು, ಸ್ವಂತ ಚಿಕ್ಕಮ್ಮನನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದ.

ನಾನು ಅಣ್ಣನ ಕಡೆ ತಿರುಗಿ, "ಯಾವ ತಾರೀಕು ಕೊಟ್ಟದ್ದು, ಹೇಳು," ಎಂದೆ.

ಅವನು ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತಾ ನಿಂತ. "ಕೊಡಲಿಲ್ಲ ಅಕ್ಕಾ." ಆಮೇಲೆ ಆ ಹುಡುಗನ ಕಡೆ ನೋಡಿ ಹಿಂದಿಯಲ್ಲಿ, ಅಕ್ಕ ಸುಳ್ಳು ಹೇಳುವವರಲ್ಲ ಸಾಹೇಬರೇ, ಪತ್ರ ನಿಜ, ಕೊಡದೇ ಇದ್ದದ್ದು ನಾನು ಎಂದ.

ಹುಡುಗ ಪತ್ರದ ಫೋಟೋ ತೆಗೆದುಕೊಂಡು, ಎರಡೂ ಕೈಯಿಂದ ನನಗೆ ವಾಪಸು ಕೊಟ್ಟ. ಅವನ ಕೆಲಸ ಅವನು ಮಾಡಿದ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಕ್ಲೇಮು ತಿರಸ್ಕೃತವಾಯಿತು. ಗಾಡಿಯಲ್ಲಿ ಬದಲಾವಣೆ ಆಗಿದೆಯೆಂದು ತಿಳಿದೂ ತಿಳಿಸಿಲ್ಲ ಎಂಬುದಕ್ಕೆ ಅವರು ಸೇರಿಸಿದ ದಾಖಲೆ ನನ್ನದೇ ಪತ್ರ. ನಿಂತ ಗಾಡಿಗೆ ಲಾರಿ ಗುದ್ದಿದ್ದಕ್ಕೂ ಎಂಜಿನ್ನಿನ ಪ್ರೋಗ್ರಾಮಿಗೂ ಏನು ಸಂಬಂಧ ಎಂದು ನಾನು ನಾಲ್ಕು ಮನವಿ ಬರೆದೆ. ನಾನೇ ಥಾಣೆಯ ಆಫೀಸಿಗೆ ಹೋಗಿ ನಾಲ್ಕಕ್ಕೂ ಮುದ್ರೆ ಹಾಕಿಸಿಕೊಂಡು ಬಂದೆ. ಉತ್ತರ ಬದಲಾಗಲಿಲ್ಲ. ಅದಕ್ಕೂ ಮುಂದೆ ಹೋಗೋಣ ಎಂದರೆ ಅಣ್ಣನೇ ಬೇಡವೆಂದ. ಐರೋಲಿಯವರು ಒಂದು ತಿಂಗಳು ಕಾದು ಬೇರೆಯವರನ್ನು ಗೊತ್ತು ಮಾಡಿಕೊಂಡರು. ಗಾಳಾ ಖಾಲಿಯಾಯಿತು. ಬದಲಾಪುರದಲ್ಲಿ ಯಾರದೋ ಹೋಟೆಲಿನ ಅಡುಗೆಮನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು.

ಮನೆ ಬಿಡುವ ದಿನ ಮೇಲೆ ಬಂದು ಬಾಗಿಲಲ್ಲೇ ನಿಂತ. "ಇನ್ನು ಆರೂ ಹತ್ತು ಆಯ್ತು ಅಂತ ನಿಮಗೆ ಯಾರು ಹೇಳ್ತಾರೆ ಅಕ್ಕಾ?"

ಟೆಂಪೋದವನು ಕಾಯುತ್ತಿದ್ದಾನೆ, ಟ್ರಾಫಿಕ್ ಆಗುವ ಮೊದಲು ಹೊರಡು ಎಂದೆ.

ಅವನು ತೀರಿಹೋಗಿ ಎರಡು ವರ್ಷವಾಯಿತು. ಅಡುಗೆಮನೆಯಲ್ಲೇ ಕುಸಿದನಂತೆ. ನಾನು ಬದಲಾಪುರಕ್ಕೆ ಹೋದಾಗ ಅವನ ಹೆಂಡತಿ ನನಗೆ ಚಹಾ ಕೊಟ್ಟು, ತಾನಾಗಿಯೇ ಆ ಪತ್ರದ ಮಾತು ತೆಗೆದಳು. ಅವನು ಎರಡು ಸಲ ಕೌಂಟರಿಗೆ ಹೋಗಿದ್ದನಂತೆ. ಮೊದಲ ಸಲ ಆರ್‌ಟಿಒ ಕಾಗದ ಇದೆಯೇ ಎಂದು ಕೇಳಿದರಂತೆ, ಹೆದರಿ ಬಂದನಂತೆ. ಇನ್ನೊಂದು ಸಲ ಸಾಲು ಉದ್ದವಿತ್ತು, ಸಂಜೆಯ ಅಕ್ಕಿ ರುಬ್ಬುವ ಹೊತ್ತು.

"ನೀವು ದಿನಾ ಕೇಳ್ತಿದ್ರಲ್ಲ ಅಕ್ಕಾ… ಇವತ್ತೂ ಇಲ್ಲ ಅಂತ ನಿಮ್ಮ ಹತ್ರ ಹೇಳ್ಲಿಕ್ಕೆ ಅವರಿಗೆ ನಾಚಿಕೆ ಆಯ್ತು. ನಾಳೆ ಹೇಗೂ ಕೊಡುವುದಲ್ಲ ಅಂತ ಕೊಟ್ಟೆ ಅಂದ್ರು. ಮತ್ತೆ ಆ ನಾಳೆ ಬರ್ಲೇ ಇಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಆ ಚಹಾ ನನಗೆ ಒಳಗೆ ಇಳಿಯುತ್ತಿತ್ತು.

ಈ ಕಾಗದಕ್ಕೆ ಏಳು ವರ್ಷ ದಾಟಿದೆ. ನಿಯಮದ ಪ್ರಕಾರ ಹರಿಯಬೇಕು. ಪತ್ರ ಬರೆಯುವಾಗ ಮುದ್ರೆಗೆಂದು ಬಲಗಡೆ ಕೆಳಮೂಲೆಯಲ್ಲಿ ನಾನು ಅಳತೆ ಇಟ್ಟು ಜಾಗ ಬಿಟ್ಟಿದ್ದೆ. ಸಹಿ ಹಾಕುವಾಗ ಗಾಳಿಗೆ ಕಾಗದ ಹಾರದಿರಲೆಂದು ಅಣ್ಣ ಅಲ್ಲೇ ಹೆಬ್ಬೆರಳು ಒತ್ತಿದ್ದ. ಎಣ್ಣೆ ಕೈ ಎಂದು ಅಂದೂ ನಾನು ಗದರಿದ್ದೆ. ನಕ್ಕು, ಲುಂಗಿಗೆ ಕೈ ಒರೆಸಿಕೊಂಡಿದ್ದ.

ಪತ್ರವನ್ನು ಮತ್ತೆ ನೀಲಿ ಫೈಲಿನಲ್ಲಿಟ್ಟು ದಾರ ಕಟ್ಟಿದೆ.