ಒಂದು ಸೋಮವಾರದ ಖಾಲಿ ಸಾಲು

ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ 'ವಿಮಾನದ ಕಂಪನಿ' ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಮೈಸೂರಿನ ನನ್ನ ಸೋದರತ್ತೆ ಅಷ್ಟಕ್ಕೇ ನನ್ನನ್ನು ಪೈಲಟ್ ಮಾಡಿ ಇಡೀ ಬೀದಿಗೆ ಸಾರಿದ್ದಳು. ನಿಜವಾಗಿ ನಾನು ಹ್ಯಾಂಬರ್ಗಿನ ಒಂದು ಶೆಡ್ಡಿನ ಮೂಲೆಯಲ್ಲಿ ಕೂತು ಮುದಿ ವಿಮಾನಗಳ ಹಳೇ ಕಾಗದ ಓದುತ್ತಿದ್ದೆ. ವಿಮಾನವನ್ನು ಬಿಚ್ಚಿ ಬಿಡಿಭಾಗಗಳನ್ನು ಮಾರುವ ಮೊದಲು, ಮುಖ್ಯವಾದ ಪ್ರತಿಯೊಂದು ಭಾಗವೂ ಹುಟ್ಟಿದಾಗಿನಿಂದ ಎಲ್ಲಿತ್ತು, ಯಾರ ಕೈಯಲ್ಲಿತ್ತು ಎಂಬುದಕ್ಕೆ ಪುರಾವೆ ಬೇಕು. ನಮ್ಮಲ್ಲಿ ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ.

ಪ್ರೋಬೆಟ್ಸೈಟ್, ಅಂದರೆ ಆರು ತಿಂಗಳ ಪರೀಕ್ಷಾ ಅವಧಿ, ಮುಗಿಯಲು ಐದು ವಾರವಿದ್ದಾಗ ನನ್ನ ಪಾಲಿಗೆ ಬಂದದ್ದು ದಕ್ಷಿಣ ಅಮೆರಿಕದ ಒಂದು ವಿಮಾನ. ಅದನ್ನು ಹಾರಿಸುತ್ತಿದ್ದ ಕಂಪನಿ ಮುಚ್ಚಿ ವರ್ಷಗಳೇ ಆಗಿದ್ದವು. 'ಇದರ ಲ್ಯಾಂಡಿಂಗ್ ಗೇರಿನ ದಾಖಲೆ ಪೂರ್ತಿಯಾದರೆ ನಿಮ್ಮ ವಿಷಯವೂ ಪೂರ್ತಿಯಾಗುತ್ತದೆ' ಎಂದರು ನಮ್ಮ ಬಾಸ್. ಲ್ಯಾಂಡಿಂಗ್ ಗೇರ್ ಅಂದರೆ ವಿಮಾನ ನೆಲಕ್ಕೆ ಊರುವ ಚಕ್ರದ ಕಾಲು. ಜರ್ಮನ್ನರು ಬೆದರಿಕೆಯನ್ನೂ ಇಷ್ಟು ಅಚ್ಚುಕಟ್ಟಾಗಿ ಹಾಕುತ್ತಾರೆ.

ಹನ್ನೊಂದು ಪೆಟ್ಟಿಗೆ ಕಾಗದ ಬಂತು. ಅಬ್ಬಾ, ಎಂಥಾ ಚರಿತ್ರೆ ಅದು! ಎರಡು ವಿಮಾನದಿಂದ ಶುರುವಾದ ಕಂಪನಿ, ಒಬ್ಬರಾದ ಮೇಲೊಬ್ಬರಂತೆ ಮೂವರು ಮಾಲೀಕರು. ಮೊದಲನೆಯವನು ವಿಮಾನಕ್ಕೆ ಹಸಿರು ಬಳಿಸಿದ, ಎರಡನೆಯವನು ಕಿತ್ತಳೆ, ಮೂರನೆಯವನು ನೀಲಿ ಬಳಿದು ಬಾಲದ ಮೇಲೊಂದು ಹದ್ದು ಕೂರಿಸಿದ. ಬಣ್ಣ ಬಳಿದರೆ ನಷ್ಟ ಕಾಣುವುದಿಲ್ಲ ಎಂದು ಮೂವರಿಗೂ ಯಾರೋ ಹೇಳಿರಬೇಕು. ಒಂದು ಪೆಟ್ಟಿಗೆಯ ತುಂಬ ಉದ್ಘಾಟನೆಯ ಫೋಟೋಗಳೇ. ರಿಬ್ಬನ್ ಕತ್ತರಿಸಿದ ಮಂತ್ರಿಗಳ ದಾಖಲೆ ಮಾತ್ರ ಒಂದೂ ಬಿಟ್ಟುಹೋಗಿರಲಿಲ್ಲ.

ಬಿಟ್ಟುಹೋಗಿದ್ದದ್ದು ನನಗೆ ಬೇಕಾದದ್ದು. ಕಂಪನಿ ಮುಚ್ಚಿದ ಮೇಲೆ, ಬೇರೆಯವರ ಕೈಗೆ ಹೋಗುವವರೆಗೆ, ಹತ್ತು ತಿಂಗಳು ವಿಮಾನ ಅಲ್ಲಿಯ ನಿಲ್ದಾಣದಲ್ಲಿ ಸುಮ್ಮನೆ ನಿಂತಿತ್ತು. ಆ ಹತ್ತು ತಿಂಗಳಲ್ಲಿ ಯಾರೂ ಗೇರನ್ನು ಬಿಚ್ಚಿ ಬೇರೆಯದನ್ನು ಸಿಕ್ಕಿಸಲಿಲ್ಲ ಎಂಬುದಕ್ಕೆ ಒಂದು ತುಂಡು ಕಾಗದವೂ ಇರಲಿಲ್ಲ. ಮುಚ್ಚಿದ ಕಂಪನಿಗೆ ಪತ್ರ ಬರೆದರೆ ಉತ್ತರ ಕೊಡುವವರಾದರೂ ಯಾರು?

ಕೊಟ್ಟರು. ಹಳೇ ಕಾಗದಗಳಲ್ಲಿ ಪದೇ ಪದೇ ಸಹಿ ಮಾಡಿದ್ದ ಒಬ್ಬ ತಪಾಸಕನನ್ನು ಮೂರು ವಾರ ಹುಡುಕಿ ಹಿಡಿದೆ. ನಿವೃತ್ತ ಮುದುಕ. ಒರಟು ಇಂಗ್ಲಿಷ್, ಬಹಳ ಮರ್ಯಾದೆ. ತನ್ನ ಬಳಿ ಒಂದು ನೋಟ್‌ಬುಕ್ ಇದೆ ಎಂದು ಬರೆದ, ಪುಟಗಳ ಫೋಟೋ ತೆಗೆದು ಕಳಿಸಿದ. ನೋಡಿ ದಂಗಾದೆ. ಕಂಪನಿ ಮತ್ತೆ ಶುರುವಾಗುತ್ತದೆ ಎಂದು ನಂಬಿ ಈ ಪುಣ್ಯಾತ್ಮ ಸಂಬಳವಿಲ್ಲದೆ ಪ್ರತಿ ಸೋಮವಾರ ನಿಲ್ದಾಣಕ್ಕೆ ಹೋಗಿದ್ದ. ನಿಂತೇ ಇದ್ದರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆಂದು, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿದಂತೆ ಚಕ್ರಗಳನ್ನು ಒಂದಿಷ್ಟು ತಿರುಗಿಸಿದ್ದ. ಪ್ರತಿ ಸಲವೂ ಗೇರಿನ ನಂಬರ್ ಓದಿ, ಬರೆದು, ಸಹಿ ಹಾಕಿದ್ದ.

ಒಂದು ಸೋಮವಾರ ಬಿಟ್ಟು. ಅಲ್ಲಿ ತಾರೀಖು ಇತ್ತು, ಸಾಲು ಖಾಲಿ. ಪಕ್ಕದಲ್ಲಿ, 'ಬರಲಿಲ್ಲ' ಎಂಬ ಒಂದೇ ಮಾತು.

ಅಯ್ಯೋ ಮಹರಾಯ, ಖಾಲಿ ಬಿಡುವುದಕ್ಕೆ ನನ್ನ ಪ್ರೋಬೆಟ್ಸೈಟೇ ಸಿಕ್ಕಿತಾ ನಿನಗೆ! ಸಂಜೆ ರೂಮಿಗೆ ಬಂದು ಗೋಳಾಡಿದೆ. ಜೊತೆಗಿದ್ದವನು ಬೆಂಗಳೂರಿನ ಐಟಿ ಹುಡುಗ. ಅನ್ನಕ್ಕೆ ನೀರು ಅಳೆಯುತ್ತಾ ತಲೆ ಎತ್ತದೆ ಹೇಳಿದ: 'ಒಂದು ಸೋಮವಾರ ತಾನೇ ಗುರು? ಪೆನ್ನು ಅವರದೇ, ಬುಕ್ಕೂ ಅವರದೇ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್ ಅಂತ ಒಂದು ಮೇಲ್ ಹಾಕು, ಮುಗೀತು.'

ಹಾಕಿದೆ. ಬಸ್ಸಿನ ಸೀಟಿನಿಂದ ತಾಲ್ಲೂಕು ಕಚೇರಿಯವರೆಗೆ ಈ ಮಂತ್ರದಿಂದಲೇ ಬೆಳೆದವನು ನಾನು. 'ನನ್ನ ಕೆಲಸ ಉಳಿಯುವುದು ಇದರ ಮೇಲಿದೆ, ಆ ಸಾಲನ್ನು ದಯವಿಟ್ಟು ತುಂಬಿಬಿಡಿ, ಯಾರಿಗೂ ತೊಂದರೆಯಿಲ್ಲ' ಎಂದು ಬರೆದೆ.

ಮರುದಿನ ಉತ್ತರ ಬಂತು. 'ಆ ಸೋಮವಾರ ನನ್ನ ಹೆಂಡತಿಯನ್ನು ಮಣ್ಣು ಮಾಡಿದೆವು. ನಾನು ಹೋಗಲಿಲ್ಲ. ಹೋದೆ ಎಂದು ಹೇಗೆ ಬರೆಯಲಿ? ಆದರೆ ನೋಟ್‌ಬುಕ್ಕನ್ನೇ ಕಳಿಸುತ್ತೇನೆ, ನಿಮಗೆ ಒಳ್ಳೆಯದಾಗಲಿ.' ಓದಿ ಕಿವಿ ಬಿಸಿಯಾಯಿತು. ನೋಟ್‌ಬುಕ್ ಬಂದಾಗ ಒಯ್ದು ಬಾಸ್ ಮೇಜಿನ ಮೇಲಿಟ್ಟೆ.

ಎರಡು ದಿನದ ಮೇಲೆ ಕರೆದರು. 'ಇದು ಒಳ್ಳೆಯ ದಾಖಲೆ' ಎಂದರು. 'ಸುಳ್ಳು ಬರೆಯುವವನು ಒಂದು ವಾರವನ್ನೂ ಬಿಡುವುದಿಲ್ಲ. ಈ ಖಾಲಿ ಸಾಲಿನಿಂದಲೇ ಉಳಿದ ಸಾಲುಗಳನ್ನು ನಂಬುತ್ತೇನೆ. ಗೇರಿಗೆ ಒಪ್ಪಿಗೆ.' ನನ್ನ ಜೀವ ಹೋಗಿ ಬಂದಂತಾಯಿತು.

ಅವರು ಇನ್ನೊಂದು ಹಾಳೆ ತಿರುಗಿಸಿದರು. ವಿಮಾನದ ಬಗ್ಗೆ ಬರೆದ ಪ್ರತಿ ಮೇಲ್‌ನ ಪ್ರತಿಯೂ ತಾನಾಗಿಯೇ ಅದರ ಕಡತಕ್ಕೆ ಸೇರುತ್ತದೆಂದು ಮೊದಲ ದಿನವೇ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ. ನಮ್ಮ ಕಡೆ ಕಡತದ ಮಾತು ಬೇರೆ, ಒಳಗಿನ ಮಾತು ಬೇರೆ. ಇಲ್ಲಿಯೂ ಹಾಗೇ ಇರುತ್ತದೆಂದು ನನ್ನ ತಲೆ ಎಣಿಸಿತ್ತೋ ಏನೋ. ಮುದುಕನಿಗೆ ನಾನು ಬರೆದ ಮೇಲ್ ಅನ್ನು ಬಾಸ್ ಗಟ್ಟಿಯಾಗಿ, ನಿಧಾನವಾಗಿ ಓದಿದರು. 'ದಯವಿಟ್ಟು' ಎಂಬುದನ್ನೂ ಬಿಡಲಿಲ್ಲ. 'ಈ ತಪಾಸಕರ ಸಹಿಯನ್ನು ನಂಬಬಹುದು' ಎಂದು ಕಡತ ಮುಚ್ಚಿದರು. ನನ್ನ ಸಹಿಯ ಲೆಕ್ಕ ಬೇರೆಯಿತ್ತು. ಎರಡು ವಾರದ ನೋಟಿಸ್ ಕಾಗದ ಆಗಲೇ ತಯಾರಾಗಿತ್ತು.

ಇಷ್ಟು ದಿನ ಆ ಕಂಪನಿಯನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಮುಳುಗಿದ ಕಂಪನಿಯ, ಸಂಬಳವಿಲ್ಲದ ಮುದುಕ ಪಾಸಾದ. ಸಂಬಳ ತಿಂದ ನಾನು ಫೇಲಾದೆ. ತುಂಬಾ ನಾಚಿಕೆಯಾಯಿತು.

ಕೊನೆಯ ದಿನ ಮೇಜು ಖಾಲಿ ಮಾಡುವಾಗ ಮುದುಕನ ಮೇಲ್ ಬಂತು. ನೋಟ್‌ಬುಕ್ಕಿಗೆ ಒಪ್ಪಿಗೆ ಸಿಕ್ಕ ಸುದ್ದಿ ಅವನಿಗೆ ತಲುಪಿತ್ತು. 'ಒಂದು ಸಾಲು ತುಂಬಲಿಲ್ಲವೆಂದು ನಾನು ನಿದ್ದೆ ಮಾಡಿರಲಿಲ್ಲ. ಈಗ ಹೇಳಿ, ನಿಮ್ಮ ಕೆಲಸ ಉಳಿಯಿತಲ್ಲವೇ?'

'ಉಳಿಯಿತು ಸಾರ್, ನಿಮ್ಮಿಂದಲೇ' ಎಂದು ಬರೆದು ಕಳಿಸಿದೆ.